ಪದ ಬೇಕು: ‘ಸಂದರ್ಶಕ’ ಬೇಡ, ಬೇರೇನು? (ಗುರುವಾರ ಬೋರ್ಡ್ ಬರೆಸಬೇಕು)

ಎಲ್ಲರಿಗೂ ನಮಸ್ಕಾರ.

ರೇಡಿಯೋದಲ್ಲಿ ಸಂದರ್ಶನ ಮಾಡುವವರಿಗೆ, ಅಂದರೆ ಕರೆಸಿದವರನ್ನು ಪ್ರಶ್ನೆ ಕೇಳುವವರಿಗೆ, ‘ಸಂದರ್ಶಕ’ ಬಿಟ್ಟು ಬೇರೆ ಕನ್ನಡ ಪದ ಏನು ಅಂತ ಸೋಮವಾರ ಇಲ್ಲಿ ಕೇಳಿದ್ದೆ. ಹನ್ನೊಂದು ಉತ್ತರ ಬಂದಿದೆ, ಥ್ಯಾಂಕ್ಸ್. ಆದರೆ ಮಾತು ಎತ್ತಲೋ ಹೋಗಿದೆ, ಪದ ಸಿಕ್ಕಿಲ್ಲ. ಅದಕ್ಕೇ ಇನ್ನೊಮ್ಮೆ ಬರೆಯುತ್ತಿದ್ದೇನೆ.

ನಮ್ಮದು ಸಣ್ಣ ಸಮುದಾಯ ರೇಡಿಯೋ. 50 ವ್ಯಾಟ್ ಟ್ರಾನ್ಸ್‌ಮಿಟರ್, ಸುತ್ತಲಿನ ಹಳ್ಳಿಗಳಿಗಷ್ಟೇ ಕೇಳಿಸುತ್ತದೆ. ವಾರಕ್ಕೊಮ್ಮೆ ಪಂಚಾಯ್ತಿ ಸದಸ್ಯರನ್ನೋ ಆಶಾ ಕಾರ್ಯಕರ್ತೆಯನ್ನೋ ಲೈನ್‌ಮನ್‌ನನ್ನೋ ಕರೆಸುತ್ತೇವೆ. ನೀರಿನ ಟ್ಯಾಂಕರ್‌ನಿಂದ ಹಿಡಿದು ಗೃಹಲಕ್ಷ್ಮಿಯ 2,000 ರೂಪಾಯಿ ಯಾಕೆ ಬಂದಿಲ್ಲ ಅನ್ನುವವರೆಗೆ ಎಲ್ಲ ಕೇಳುತ್ತೇವೆ.

ಸ್ಟುಡಿಯೋ ಬಾಗಿಲಲ್ಲಿ ಈಗಿರುವ ಬೋರ್ಡ್: ‘ಸಂದರ್ಶಕರಿಗೆ ಮತ್ತು ಅತಿಥಿಗಳಿಗೆ ಮಾತ್ರ ಪ್ರವೇಶ’. ಹೋದ ತಿಂಗಳು ರೆಕಾರ್ಡಿಂಗ್ ನಡೆಯುತ್ತಿದ್ದಾಗ ತಾತ ಒಬ್ಬರು ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ‘ನೋಡೋಕೆ ಬಂದೋರು ಬರಬಹುದು ಅಂತ ನೀವೇ ಬರೆಸಿದೀರಲ್ಲಪ್ಪ’ ಅಂದರು. ಅವರು ಓದಿದ್ದು ಸರಿ. ಆಸ್ಪತ್ರೆಯಲ್ಲಿ ‘ಸಂದರ್ಶಕರ ವೇಳೆ’, ಕಾಲೇಜಿನಲ್ಲಿ ‘ಸಂದರ್ಶಕ ಪ್ರಾಧ್ಯಾಪಕ’. ಎಲ್ಲ ಕಡೆ ಸಂದರ್ಶಕ ಅಂದರೆ ಬಂದು ಹೋಗುವವನು.

> ‘ಕೇಳುಗ’ ಇದೆಯಲ್ಲ? ಅಚ್ಚಗನ್ನಡ. ಮುಗೀತು.

ಮುಗಿಯಲಿಲ್ಲ. ಕನ್ನಡದಲ್ಲಿ ಪ್ರಶ್ನೆ ಕೇಳುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ದಿನಾ ಬೆಳಿಗ್ಗೆ ‘ಪ್ರಿಯ ಕೇಳುಗರೇ’ ಅಂತ ಶುರು ಮಾಡುವವರು ನಾವು. ಈ ಬೋರ್ಡ್ ಹಾಕಿದರೆ ಊರಿಗೆ ಊರೇ ಒಳಗೆ ಬರುತ್ತದೆ.

> ಸಂದರ್ಶನಕ್ಕೆ ‘ಎದುರುಮಾತು’, ಮಾಡುವವನು ‘ಎದುರುಮಾತುಗಾರ’.

ನಮ್ಮ ಕಡೆ ಎದುರುಮಾತು ಅಂದರೆ ಹಿರಿಯರಿಗೆ ತಿರುಗಿ ಮಾತಾಡುವುದು. ಬೇಡ.

> ಇಂಟರ್‌ವ್ಯೂ ಅಂತಲೇ ಬರೀರಿ. ಹಳ್ಳಿಯವರಿಗೂ ಗೊತ್ತು.

ಗೊತ್ತು, ಕೆಲಸದ ಇಂಟರ್‌ವ್ಯೂ ಗೊತ್ತು. ‘ನಿಮ್ಮದೊಂದು ಇಂಟರ್‌ವ್ಯೂ ಮಾಡ್ತೀವಿ’ ಅಂದಾಗ ಸ್ವಸಹಾಯ ಸಂಘದ ಅಕ್ಕ ಒಬ್ಬರು ಮಾರನೇ ದಿನ ಮಾರ್ಕ್ಸ್ ಕಾರ್ಡ್ ಹಿಡಿದುಕೊಂಡು ಬಂದಿದ್ದರು. ಅವರ ಮುಖ ನೋಡಿ ನನಗೆ ಸಂಕಟವಾಯಿತು.

ಇಲ್ಲಿಂದ ಮುಂದೆ ಜಗಳ ‘ಆಕಾಶವಾಣಿ’ ಸಂಸ್ಕೃತ, ‘ಬಾನುಲಿ’ಯೇ ಆಗಬೇಕು ಅನ್ನುವ ಕಡೆ ಹೋಯಿತು. ನನಗೆ ಎರಡೂ ಬೇಕು. 1935ರಲ್ಲಿ ಮನಶ್ಶಾಸ್ತ್ರದ ಮೇಷ್ಟ್ರು ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೋ ಶುರು ಮಾಡಿದರು. ಆ ರೇಡಿಯೋಗೆ ಇಟ್ಟ ‘ಆಕಾಶವಾಣಿ’ ಅನ್ನುವ ಹೆಸರೇ ಆಮೇಲೆ ಇಡೀ ದೇಶದ ರೇಡಿಯೋಗೆ ಬಂತು. ಅದನ್ನು ಹೊರಗಿನದು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಪದ ಎಲ್ಲಿಂದ ಬಂತು ಅನ್ನುವುದಕ್ಕಿಂತ ಬಾಗಿಲ ಮುಂದೆ ನಿಂತವರಿಗೆ ಏನು ತಿಳಿಯುತ್ತದೆ ಅನ್ನುವುದು ನನಗೆ ಜಾಸ್ತಿ ಮುಖ್ಯ.

‘ಸುದ್ದಿಗಾರ’ ಅಂದವರಿಗೆ: ಆಗುವುದಿಲ್ಲ. ಸಮುದಾಯ ರೇಡಿಯೋ ತನ್ನದೇ ಸುದ್ದಿ ಕೊಡುವ ಹಾಗಿಲ್ಲ, ಆಕಾಶವಾಣಿಯ ಸುದ್ದಿಯನ್ನಷ್ಟೇ ಹಾಕಬಹುದು. ‘ನಿರೂಪಕ’ ಹಾಡಿನ ಕಾರ್ಯಕ್ರಮಕ್ಕೂ ಇರುತ್ತಾನೆ.

ನನಗೆ ಹೊಳೆದದ್ದು ‘ಮಾತಾಡಿಸು’. ‘ಅಜ್ಜಿಗೆ ಹುಷಾರಿಲ್ಲ, ಹೋಗಿ ಮಾತಾಡಿಸಿಕೊಂಡು ಬಾ’ ಅನ್ನುತ್ತೇವಲ್ವಾ? ಅದರಲ್ಲಿ ವಿಚಾರಿಸುವುದೂ ಇದೆ, ಎದುರಿನವರ ಬಾಯಿಂದ ಮಾತು ಹೊರಡಿಸುವುದೂ ಇದೆ. ಮೈಕ್ ಮುಂದೆ ಗಂಟಲು ಕಟ್ಟಿದವರ ಹತ್ತಿರ ನಾವು ಮಾಡುವ ಕೆಲಸ ಇದೇ. ಮೊದಲು ಮಳೆ, ಬೆಳೆ ಕೇಳುತ್ತೇವೆ. ಆಮೇಲೆ ಅವರೇ ಚರಂಡಿ ವಿಷಯಕ್ಕೆ ಬರುತ್ತಾರೆ. ಕಾರ್ಯಕ್ರಮದ ಬೋರ್ಡಿಗೆ ‘ಬನ್ನಿ, ಮಾತಾಡಿಸೋಣ’ ಅಂತ ಆಗಲೇ ಬರೆದುಕೊಟ್ಟಿದ್ದೇನೆ.

ಉಳಿದದ್ದು ಬಾಗಿಲು. ‘ಮಾತಾಡಿಸುವವರು’ ಅರ್ಥಕ್ಕೆ ಸರಿ, ಆದರೆ ಬೋರ್ಡ್ ಎರಡೇ ಅಡಿ. ಓದುಗ, ನೋಡುಗ ಇದ್ದ ಹಾಗೆ ‘ಮಾತಾಡಿಸುಗ’ ಅಂದರೆ ಕಿವಿಗೆ ಒರಟಾಗುತ್ತದಾ? ‘ಇಸು’ ಹತ್ತಿದ ಧಾತುವಿಗೆ ‘ಗ’ ಸೇರಿದ ಪದ ಯಾರಾದರೂ ನಿಜವಾಗಿ ಬಳಸಿದ್ದು ಕೇಳಿದ್ದೀರಾ? ಬಳಕೆ ಗೊತ್ತಿದ್ದವರು ಬುಧವಾರ ರಾತ್ರಿಯೊಳಗೆ ಬರೆಯಿರಿ. ಪೇಂಟರ್ ಬೆಳಿಗ್ಗೆ ಎಂಟಕ್ಕೇ ಬರುತ್ತಾರೆ.