ಅಪ್‌ಡೇಟ್: ಮೀಟರ್ ಬದಲಿಸಿದೆ, ಕಿಲೋಮೀಟರ್ ಲೆಕ್ಕವೂ ಸರಿಯಾಯಿತು

ಕಾರಿನ ಮೀಟರ್ ಡಿಸ್‌ಪ್ಲೇ ಸತ್ತಿದೆ, ಸೆಕೆಂಡ್ ಹ್ಯಾಂಡ್ ಮೀಟರ್ ಹಾಕಿದರೆ ಕಿಲೋಮೀಟರ್ ಏನಾಗುತ್ತದೆ ಅಂತ ಹೋದ ತಿಂಗಳು ಕೇಳಿದ್ದೆ. ಬಳ್ಳಾರಿಯಲ್ಲೇ ಕೆಲಸ ಮುಗಿಯಿತು.

ಸೆಕೆಂಡ್ ಹ್ಯಾಂಡ್ ಮೀಟರ್ ಹಾಕಿದ ಕೂಡಲೇ 41,306 ಕಿಲೋಮೀಟರ್ ತೋರಿಸಿತು. ನನ್ನ ಕೊನೆಯ ಸರ್ವಿಸ್ ಬಿಲ್‌ನಲ್ಲೇ 97,850 ಇದೆ! ಲೆಕ್ಕ ಇರುವುದು ಮೀಟರ್ ಒಳಗಿನ ಸಣ್ಣ ಮೆಮೊರಿ ಚಿಪ್‌ನಲ್ಲಿ. ಅದು ಬೇರೆ ಗಾಡಿಯ ಲೆಕ್ಕ ಹೊತ್ತು ತಂದಿತ್ತು, ಅಷ್ಟೇ.

"ಹಂಗೇ ಬಿಡ್ರಿ ಅಣ್ಣಾ, ಮಾರುವಾಗ ಜಾಸ್ತಿ ರೇಟ್ ಬರ್ತದ" ಅಂದ ಮೆಕ್ಯಾನಿಕ್. ನನಗೆ ಮನಸ್ಸು ಒಪ್ಪಲಿಲ್ಲ. ಕೊಳ್ಳುವವರು ಆ ಅಂಕಿ ನಂಬಿ, ಇಂತಿಷ್ಟು ಕಿಲೋಮೀಟರ್ ಆದ ಮೇಲೆ ಬದಲಿಸಬೇಕಾದ ಎಂಜಿನ್ನಿನ ಟೈಮಿಂಗ್ ಬೆಲ್ಟ್ ಬದಲಿಸದೇ ಬಿಟ್ಟರೆ? ಬೆಲ್ಟ್ ತುಂಡಾದರೆ ಎಂಜಿನ್ನೇ ಹೋಗಬಹುದು, ಅಲ್ವಾ?

ಮೀಟರ್ ರಿಪೇರಿಯವರ ಹತ್ತಿರ ಎರಡನ್ನೂ ಒಯ್ದೆ. ಹಳೆಯದರ ಚಿಪ್ ಚೆನ್ನಾಗಿತ್ತು. ಅದರಲ್ಲಿದ್ದ 98,214 ಓದಿ ಈಗ ಹಾಕಿದ ಮೀಟರ್‌ನ ಚಿಪ್‌ಗೆ ಬರೆದರು. ಹಾಗಾಗಿ ದಯವಿಟ್ಟು ಹಳೇ ಮೀಟರ್ ಸುಮ್ನೆ ಗುಜರಿಗೆ ಹಾಕಬೇಡಿ. ಬಿಲ್‌ನಲ್ಲಿ ಎರಡೂ ರೀಡಿಂಗ್, ತಾರೀಖು, ಚಾಸಿ ನಂಬರ್ ಬರೆಸಿ ಆರ್‌ಸಿ ಜೊತೆ ಇಟ್ಟಿದ್ದೇನೆ.

ಕೆಲವು ಗಾಡಿಗಳಲ್ಲಿ ಕೀ ಗುರುತಿಸುವ ಇಮೊಬಿಲೈಸರ್ ಕೂಡ ಮೀಟರ್‌ನಲ್ಲೇ ಇರುತ್ತದೆ. ಅಂಥವು ಬೇರೆ ಗಾಡಿಯ ಮೀಟರ್ ಹಾಕಿದರೆ ಸ್ಟಾರ್ಟೇ ಆಗದಿರಬಹುದು, ಮೊದಲೇ ಕೇಳಿಕೊಳ್ಳಿ. ನನ್ನದು ಎರಡು ವಾರದಿಂದ ದಿನಾ ತೋರಣಗಲ್ಲಿಗೆ ಹೋಗಿ ಬರುತ್ತಿದೆ, ತೊಂದರೆ ಇಲ್ಲ.