ಪದ ಬೇಕು: ಟ್ರಿಪನೊಸೋಮ ಸೋಂಕು (ತುರ್ತು)

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ ಪುಟ ಅಚ್ಚಿಗೆ ಹೋಗಬೇಕು. ಆಫ್ರಿಕಾದ ನಗರಗಳ ಸುತ್ತಮುತ್ತ ದನಗಳಿಗೂ ಜನರಿಗೂ ಟ್ರಿಪನೊಸೋಮ (ರಕ್ತದಲ್ಲಿ ಬದುಕುವ ಏಕಕೋಶ ರೋಗಾಣು) ತಗಲುವ ಅಪಾಯದ ಬಗೆಗಿನ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. ಉಗಾಂಡಾದ ಸೊರೊಟಿಯ ಪ್ರಸಂಗ ಅದರಲ್ಲಿದೆ. 1998ರಲ್ಲಿ ಅಲ್ಲಿ, ಈ ರೋಗಾಣು ಮನುಷ್ಯರಿಗೆ ತರುವ ನಿದ್ರಾರೋಗ ಹೊಸದಾಗಿ ತಲೆ ಎತ್ತಿದಾಗ ಜಾಡು ಹಿಡಿದು ಹೋದವರು ತಲುಪಿದ್ದು ದನದ ಸಂತೆಗೆ. ರೋಗವಿದ್ದ ಜಿಲ್ಲೆಗಳಿಂದ ಮಾರಾಟಕ್ಕೆ ಬಂದ ರಾಸುಗಳ ರಕ್ತದಲ್ಲಿಯೇ ರೋಗಾಣು ಬಂದಿತ್ತು, ಕಚ್ಚಿ ಹರಡಲು ತ್ಸೆತ್ಸೆ ನೊಣ ಸ್ಥಳೀಯವಾಗಿಯೇ ಇತ್ತು. ‘ದನಗಳಿಗೆ ನಿದ್ರಾರೋಗ’ ಎಂದು ಬರೆದರೆ ಸಂಪಾದಕರು ನಗುತ್ತಾರೆ. ರೋಗಾಣುವಿಗೊಂದು, ದನದ ಕಾಯಿಲೆಗೊಂದು ಹೆಸರು ಕೊಡಿ. ‘ಪೆರಿ-ಅರ್ಬನ್’ ಎಂಬುದಕ್ಕೆ ‘ಹೊರವಲಯ’ ಸಾಕೇ?

*

> ರೋಗಾಣುವಿಗೊಂದು

ಗ್ರೀಕಿನಲ್ಲಿ ಟ್ರಿಪನಾನ್ ಎಂದರೆ ಬಡಗಿಯ ಬೈರಿಗೆ, ಸೋಮ ಎಂದರೆ ಮೈ. ಕಪ್ಪೆಯ ರಕ್ತದಲ್ಲಿ ತಿರುಚಿಕೊಂಡು ಈಜುತ್ತಿದ್ದ ಜೀವಿಯನ್ನು ಕಂಡು ಗ್ರೂಬಿ ಎಂಬ ವಿಜ್ಞಾನಿ 1843ರಲ್ಲಿ ಇಟ್ಟ ಹೆಸರು ಅದು. ಬೈರಿಗೆ ನಮ್ಮ ಮನೆಯಲ್ಲೇ ಇರುವಾಗ ಸಾಲವೇಕೆ? ‘ಬೈರಿಗ’ ಎಂದು ಬರೆಯಿರಿ. ‘ಹೊರವಲಯ’ಕ್ಕೆ ಸಂಸ್ಕೃತದ ಬಾಲವಿದೆ, ‘ಊರಂಚು’ ಎನ್ನಿ.

*

ಮೇಷ್ಟ್ರೇ, ಬೈರಿಗ ಯಾರಿಗೆ ಅರ್ಥವಾಗುತ್ತದೆ? ನಾನು ಪಶುವೈದ್ಯ. ನಮ್ಮಲ್ಲಿ ಎಮ್ಮೆ, ಕುದುರೆಗಳಿಗೆ ಬರುವುದಕ್ಕೆ ‘ಸರ್ರಾ’ ಎನ್ನುತ್ತೇವೆ. ಅನುವಾದ ಮಾಡುತ್ತಿರುವ ಅಮ್ಮಾ, ಅದನ್ನು ಈ ಲೇಖನಕ್ಕೆ ಎಳೆದು ತರಬೇಡಿ. ಸರ್ರಾದ ರೋಗಾಣು ಇವಾನ್ಸಿ ಎಂಬ ಬೇರೆ ಬಗೆಯ ಟ್ರಿಪನೊಸೋಮ. 1880ರಲ್ಲಿ ಪಂಜಾಬಿನಲ್ಲಿ ಗ್ರಿಫಿತ್ ಇವಾನ್ಸ್ ಕಂಡದ್ದು. ಅದಕ್ಕೆ ತ್ಸೆತ್ಸೆ ಬೇಡ, ಸಾಮಾನ್ಯ ಕಚ್ಚುನೊಣಗಳೇ ಸಾಕು. ಆಫ್ರಿಕಾದ ದನದ ರೋಗಕ್ಕೆ ‘ನಗಾನ’ ಎಂಬ ಜುಲು ಮೂಲದ ಹೆಸರಿದೆ, ಹಾಗೆಯೇ ಇಡಿ. ದನ ನಿದ್ದೆ ಹೋಗುವುದಿಲ್ಲ. ರಕ್ತಹೀನತೆಯಿಂದ ಸೊರಗುತ್ತದೆ, ಹಾಲು ಬತ್ತುತ್ತದೆ, ಗರ್ಭ ಇಳಿಯುತ್ತದೆ. ಇನ್ನೊಂದು ಮಾತು: ಮನುಷ್ಯರಿಗೆ ಕಂಟಕವಾದ, ಟ್ರಿಪನೊಸೋಮದ ರೊಡೇಸಿಯೆನ್ಸ್ ಬಗೆಯನ್ನು ಹೊತ್ತ ದನ ಎಷ್ಟೋ ಬಾರಿ ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ಆದ್ದರಿಂದ ತಲೆಬರಹದಲ್ಲಿ ‘ರೋಗಪೀಡಿತ ದನ’ ಎಂದು ಹಾಕಿದರೆ ಓದುಗ ಬಡಕಲು ದನವನ್ನೇ ಹುಡುಕುತ್ತಾನೆ. ‘ಸೋಂಕು ಹೊತ್ತ ದನ’ ಎನ್ನಿ.

*

ಜುಲು ಆದರೆ ಸರಿ, ಕನ್ನಡ ಆದರೆ ಆಗದು! ಇದೆಂತಹ ನ್ಯಾಯ?

*

ನ್ಯಾಯ ಸರಳ. ಮಲೇರಿಯಾ, ಕಾಲರಾ, ಪ್ಲೇಗ್ ಎಲ್ಲವೂ ಹೊರಗಿನಿಂದ ಬಂದವೇ. ಯಾರ ನಾಲಿಗೆಯೂ ತೊದಲಲಿಲ್ಲ. ನಾವೇ ಹುಟ್ಟಿಸಿದ ‘ಮಂಗನ ಕಾಯಿಲೆ’ಯ ಗತಿ ನೋಡಿ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮಂಗ ಸತ್ತಿತು, ಹೆಸರು ಅದರ ತಲೆಗೆ ಕಟ್ಟಿದೆವು. ರೋಗ ಹರಡುವ ಉಣ್ಣೆ ಹುಳು ಹೆಸರಿನಿಂದ ಪಾರಾಯಿತು.

*

ಉಣ್ಣೆಯ ಅಪರಾಧಕ್ಕೆ ಕನ್ನಡವನ್ನೇಕೆ ದೂರುತ್ತೀರಿ? ಹೆಸರಿಟ್ಟವರು ಅವಸರಪಟ್ಟರೆ ಭಾಷೆ ಏನು ಮಾಡೀತು?

*

ಇಬ್ಬರೂ ಸ್ವಲ್ಪ ನಿಲ್ಲಿಸಿ. ‘ನಿದ್ರಾರೋಗ’ವೂ ಪೂರ್ತಿ ಸರಿಯಿಲ್ಲ ಎಂಬುದನ್ನು ಯಾರೂ ಎತ್ತಲೇ ಇಲ್ಲ. ಆರಂಭದಲ್ಲಿ ಜ್ವರ, ತಲೆನೋವು, ಕೀಲುನೋವು; ರೋಗಾಣು ಮಿದುಳಿಗೆ ಹೊಕ್ಕ ಮೇಲೆ ಹಗಲು ತೂಕಡಿಕೆ, ರಾತ್ರಿ ಎಚ್ಚರ. ನಿದ್ದೆಗಾಗಿ ಕಾದು ಕುಳಿತರೆ ಚಿಕಿತ್ಸೆ ತಡವಾಗುತ್ತದೆ. ಒಳಗೆ ಒಂದು ಸಾಲು ಅದಕ್ಕಾಗಿ ಬಿಡಿ.

*

ಧನ್ಯವಾದಗಳು. ರೋಗಾಣು ‘ಟ್ರಿಪನೊಸೋಮ’ವಾಗಿಯೇ ಇರಲಿ, ದನಕ್ಕೆ ‘ನಗಾನ’, ಜನಕ್ಕೆ ‘ನಿದ್ರಾರೋಗ’. ಜ್ವರದ ಸಾಲು ಸೇರಿಸಿದ್ದೇನೆ. ‘ಊರಂಚು’ ಇಟ್ಟುಕೊಳ್ಳುತ್ತೇನೆ, ತಲೆಬರಹದಲ್ಲಿ ಎರಡು ಅಕ್ಷರ ಉಳಿಯುತ್ತದೆ.

*

ಊರಂಚು ಎಂದರೆ ಹಳ್ಳಿಯ ಗಡಿ. ಕಾಂಗೋದ ರಾಜಧಾನಿ ಕಿನ್ಶಾಸಾ ಹಳ್ಳಿಯೇ?