ಅಪ್‌ಡೇಟ್: ನಂತೂರಿನಲ್ಲಿ ಹಿಂದಿನಿಂದ ಗುದ್ದಿದ ಕಾರು, ನನ್ನ ಕುತ್ತಿಗೆ ನೋವು

ಈ ಕುತ್ತಿಗೆ ನೋವಿಗೆ ಏನು ಮಾಡುವುದು ಅಂತ ಮೂರು ವಾರದ ಹಿಂದೆ ಇಲ್ಲಿ ಕೇಳಿದ್ದೆ. ಮಂಗಳೂರಿನ ನಂತೂರು ಸರ್ಕಲ್‌ನಲ್ಲಿ ನಿಂತಿದ್ದ ನನ್ನ ಕಾರಿಗೆ ಹಿಂದಿನಿಂದ ಇನ್ನೊಂದು ಕಾರು ಗುದ್ದಿತ್ತು. ಆಗ ಏನೂ ಅನ್ನಿಸಲಿಲ್ಲ. ಮರುದಿನ ಬೆಳಿಗ್ಗೆ ಕುತ್ತಿಗೆ ತಿರುಗಿಸಲಿಕ್ಕೇ ಆಗಲಿಲ್ಲ. ಎಕ್ಸ್‌ರೇ ಮಾತ್ರ ನಾರ್ಮಲ್!

ಈಗ ಮುಕ್ಕಾಲು ಪಾಲು ಗುಣವಾಗಿದೆ. ಫಿಸಿಯೋಥೆರಪಿಸ್ಟ್ (ವ್ಯಾಯಾಮ ಹೇಳಿಕೊಟ್ಟು ನೋವು ಗುಣ ಮಾಡುವವರು) ಹತ್ರ ಹೋಗಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ತಲೆ ಚಾಟಿಯ ಹಾಗೆ ಹಿಂದೆ ಮುಂದೆ ಬೀಸಿದಾಗ ಸ್ನಾಯು, ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಪಟ್ಟಿಗಳು) ಎಳೆದುಕೊಳ್ಳುತ್ತವೆ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಇವು ಕಾಣುವುದಿಲ್ಲ. ನೋವು ತಡವಾಗಿ ಶುರುವಾಗುವುದೂ ಮಾಮೂಲಂತೆ. ನೋವು ಜಾಸ್ತಿಯಾಗದಷ್ಟು ಮಾತ್ರ, ನಿಧಾನಕ್ಕೆ, ದಿನಕ್ಕೆ ಹಲವು ಸಲ ಕುತ್ತಿಗೆ ತಿರುಗಿಸಲು ಫಿಸಿಯೋ ಹೇಳಿದರು. ಮೊದಲ ದಿನ ಎಡಗಡೆಯ ಕನ್ನಡಿ ನೋಡುವುದೇ ಕಷ್ಟ. ನಿನ್ನೆ ರಿವರ್ಸ್ ತೆಗೆಯುವಾಗ ಹಿಂದಿನ ಹಲಸಿನ ಮರ ಕಂಡಿತು, ಖುಷಿಯಾಯಿತು.

ಕುತ್ತಿಗೆ ಅಲುಗದಂತೆ ಕಟ್ಟುವ ಕಾಲರ್ ಪಟ್ಟಿ ನನಗೆ ಆಗಲಿಲ್ಲ. ನಾಲ್ಕು ದಿನ ಹಾಕಿದೆ, ಕುತ್ತಿಗೆ ಇನ್ನೂ ಬಿಗಿಯಾಯಿತು. ದೊಡ್ಡಮ್ಮನ ಮಾತು ಕೇಳಿ ಎಣ್ಣೆ ಹಾಕಿ ಜೋರಾಗಿ ತಿಕ್ಕಿಸಿದ್ದಂತೂ ದಂಡ. ಆ ರಾತ್ರಿ ನಿದ್ದೆಯೇ ಇಲ್ಲ.

ಆಶ್ಚರ್ಯ ಆದದ್ದು ಹೆಡ್‌ರೆಸ್ಟ್ (ಸೀಟಿನ ಮೇಲಿನ ತಲೆದಿಂಬು) ವಿಷಯ. ಹಿಂದಿನಿಂದ ಗುದ್ದಿದಾಗ ತಲೆ ಹಿಂದಕ್ಕೆ ಬೀಸದಂತೆ ತಡೆಯಲಿಕ್ಕೆ ಇರುವುದು ಅದು. ಅದರ ಮೇಲ್ತುದಿ ನೆತ್ತಿಯ ಮಟ್ಟಕ್ಕೆ ಬರಬೇಕು, ತಲೆಗೆ ಆದಷ್ಟು ಹತ್ತಿರ ಇರಬೇಕು. ನನ್ನದು ಪೂರ್ತಿ ಕೆಳಗಿತ್ತು. ಇಷ್ಟು ವರ್ಷ ಅದು ಸುಮ್ನೆ ಒರಗಲಿಕ್ಕೆ ಅಂದುಕೊಂಡಿದ್ದೆ, ಮಾರಾಯ್ರೆ!

ಕೈ ಜೋಮು ಹಿಡಿದರೆ, ಬಲ ಕಡಿಮೆಯಾದರೆ ಮಾತ್ರ ಈ ವ್ಯಾಯಾಮ ಎಲ್ಲ ಬಿಟ್ಟು ನೇರ ಡಾಕ್ಟರ ಹತ್ರ ಹೋಗಿ. ನನಗೆ ಹಾಗೇನೂ ಆಗಲಿಲ್ಲ. ಬಂಪರ್ ಇನ್ನೂ ಗ್ಯಾರೇಜಿನಲ್ಲೇ ಇದೆ.